ಯಾರ್ದು ಮಗ ಇದು?

ಶ್ರಾವಣದ ಒಂದು ಶನಿವಾರ ಅವ್ವನ ಜೊತೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟಿದ್ದೆ. ಖಾಸಗಿ ಗಾಡಿಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲವಾದ್ದರಿಂದ ತಪ್ಪಲಲ್ಲಿ ಇಳಿದು ಸರ್ಕಾರಿ ಬಸ್ಸಿಗೆ ಕಾಯಬೇಕು. ಹಂಗಳದ ಕಡೆಯಿಂದ ಬರುವ ರಸ್ತೆಯ ಎರಡೂ ಬದಿಗೆ ಚೆಂಡು ಹೂವಿನ ಹೊಲಗಳು. ಪ್ರವಾಸಿಗರು ಅದರ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವ್ವ ಸಾಮಾನ್ಯವಾಗಿ ಈ ಸಾಲಿನಲ್ಲಿ ನಿಂತಾಗ ಯಾರನ್ನಾದರೂ ಮಾತಿಗೆಳೆಯುತ್ತಾಳೆ. ಅವತ್ತು ಬೆಳಗಿನಿಂದ ಅವಳ ಬಾಯಿಂದ ಬಂದಿದ್ದು ಒಂದೇ ಮಾತು. ಅದೂ ಹಿಂದಿನ ರಾತ್ರಿಯದೇ ಮಾತು.

"ಯಾರ್ದು ಮಗ ಇದು?"

ರಾತ್ರಿ ಕಂಬಳಿ ಹುಡುಕುತ್ತಾ ನನ್ನ ಟ್ರಂಕು ತೆಗೆದಿದ್ದಳು. ಒಳಗೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ತಲೆಬುರುಡೆ ಇತ್ತು. ನಾನು ದೈಹಿಕ ಮಾನವಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಎಂಬಿಬಿಎಸ್ ಮುಗಿಸಿದ ಗೆಳತಿಯೊಬ್ಬಳು ತನ್ನ 'ಬೋನ್ ಸೆಟ್' ಜೂನಿಯರ್‌ಗಳಿಗೆ ಕೊಟ್ಟು ಬುರುಡೆಯನ್ನು ಮಾತ್ರ ನನಗಾಗಿ ಉಳಿಸಿದ್ದಳು. ಅವಳು ಅದನ್ನು ಸೀನಿಯರ್ ಒಬ್ಬರಿಂದ ಕೊಂಡದ್ದು, ಅವರು ಅವರ ಸೀನಿಯರ್‌ರಿಂದ. ಹಾಸ್ಟೆಲ್ ಖಾಲಿ ಮಾಡಬೇಕಾಗಿ ಬಂದು ಒಂದು ವಾರದ ಮಟ್ಟಿಗೆ ಊರಿಗೆ ತಂದಿದ್ದೆ. ಅವ್ವನಿಗೆ ಹೇಳಿರಲಿಲ್ಲ. ಹೇಳಬೇಕು ಅಂತ ಅನಿಸಿರಲೇ ಇಲ್ಲ ಎನ್ನುವುದು ಹೆಚ್ಚು ಸರಿ.

"ಓದೋಕೆ ಇಟ್ಕೊಂಡಿರೋದು ಕನವ್ವ" ಎಂದೆ.

"ಅದ್ಯಾಕೆ ಅಂತ ಕೇಳ್ನಿಲ್ಲ. ಯಾರ್ದು ಅಂದೆ."

ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಹುಬ್ಬಿನ ಏಣು ತೆಳುವಾಗಿದೆ, ಕಿವಿಯ ಹಿಂದಿನ ಗುಬಟು ಸಣ್ಣದು, ಹಣೆ ನೆಟ್ಟಗಿದೆ, ಆದ್ದರಿಂದ ಹೆಂಗಸು ಇರಬಹುದು. ಕೊನೆಯ ದವಡೆಹಲ್ಲು ಬಂದಿದೆ, ಸವೆದಿದೆ. ನಲವತ್ತರ ಆಸುಪಾಸು ಅನ್ನಬಹುದು. ಅವ್ವ ಬುರುಡೆಯನ್ನು ಮುಟ್ಟದೆ, ಟಾರ್ಚ್ ಬಿಟ್ಟು, ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಎಲಡ್ಕೆ ಹಾಕೋಳು ಕನ."

ಹಲ್ಲಿನ ಒಳಮಗ್ಗುಲಿನ ಕಂದುಗೆಂಪು ಕಲೆ ನನ್ನ ಕಣ್ಣಿಗೂ ಎಷ್ಟೋ ಸಲ ಬಿದ್ದಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ಅದು 'ಕಲೆ ಇದೆ' ಎಂದಷ್ಟೇ ದಾಖಲಾಗಿದೆ. ಯಾರೋ ಮಧ್ಯಾಹ್ನದ ಊಟ ಮುಗಿಸಿ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು ಎಂದು ನನಗೆ ಹೊಳೆದಿರಲಿಲ್ಲ.

ತಲೆಬುರುಡೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಒಂದು ಮೂಳೆಯಲ್ಲ, 22 ಮೂಳೆಗಳು. ಮಿದುಳನ್ನು ಸುತ್ತುವರಿದ 8, ಮುಖದ 14. ಕಿವಿಯೊಳಗಿನ ಆರು ಪುಟ್ಟ ಮೂಳೆಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವುಗಳಲ್ಲಿ ಅತಿ ಚಿಕ್ಕದು ಮೂರು ಮಿಲಿಮೀಟರಿನಷ್ಟು, ಒಂದು ಅಕ್ಕಿ ಕಾಳಿಗಿಂತ ಸಣ್ಣದು. 22ರಲ್ಲಿ ಅಲುಗಾಡುವುದು ಕೆಳದವಡೆ ಒಂದೇ. ಉಳಿದವು ಬೆಸೆದ ಗೆರೆಗಳಲ್ಲಿ ಕೂಡಿಕೊಂಡಿರುತ್ತವೆ. ಹುಟ್ಟುವಾಗ ಹಾಗಿರುವುದಿಲ್ಲ. ಹೆರಿಗೆಯ ದಾರಿಯಲ್ಲಿ ಮಗುವಿನ ನೆತ್ತಿಮೂಳೆಗಳು ಒಂದರ ಮೇಲೊಂದು ಸರಿದು ತಲೆಯನ್ನು ಕಿರಿದು ಮಾಡಿಕೊಳ್ಳುತ್ತವೆ. ಹಿಂದಿನ ಸುಳಿ ಎರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ, ಮುಂದಿನದು ಸುಮಾರು ಒಂದೂವರೆ ವರ್ಷಕ್ಕೆ. ಅಲ್ಲಿಯತನಕ ಬೆರಳಿಟ್ಟರೆ ನಾಡಿ ಬಡಿಯುವುದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಬಾಣಂತನದ ಕಾಲಕ್ಕೆ ನೆತ್ತಿಗೆ ಹರಳೆಣ್ಣೆ ಒತ್ತುವ ಕೆಲಸ ಅವ್ವನದೇ. "ನೆತ್ತಿ ಇನ್ನೂ ಕೂಡ್ನಿಲ್ಲ" ಎನ್ನುತ್ತಾ ಅಂಗೈಯನ್ನು ಹಗುರಾಗಿ ಇಡುತ್ತಾಳೆ. ಆ ಅಂಗೈಗೆ ಗೊತ್ತಿರುವುದನ್ನು ನಾನು ಎರಡು ಸೆಮಿಸ್ಟರ್ ಓದಿ ತಿಳಿದೆ.

ಮೂಳೆಗಳು ಕೂಡುವ ಗೆರೆಗಳು ನೇರವಾಗಿರುವುದಿಲ್ಲ. ಅಂಕುಡೊಂಕಾಗಿ, ಹಲ್ಲುಹಲ್ಲಾಗಿ, ಯಾರೋ ಆತುರದಲ್ಲಿ ಗೀಚಿದ ಬರಹದಂತೆ ಹರಿಯುತ್ತವೆ. ಬ್ರಹ್ಮ ಬರೆದ ಲಿಪಿ ಬುರುಡೆಯ ಮೇಲೆ ಕಾಣುತ್ತದೆ ಎನ್ನುವ ನಂಬಿಕೆಗೆ ಈ ಗೆರೆಗಳೇ ಮೂಲವಿರಬೇಕು ಎಂದು ನನ್ನ ಊಹೆ. ಅಂಗರಚನಾ ಶಾಸ್ತ್ರದವರಿಗೂ ಅಲ್ಲಿ ಅಕ್ಷರವೇ ಕಂಡಿದೆ. ಹಿಂದಲೆಯ ಗೆರೆಗೆ ಗ್ರೀಕ್ ವರ್ಣಮಾಲೆಯ 'ಲ್ಯಾಂಬ್ಡಾ'ದ ಹೆಸರಿಟ್ಟಿದ್ದಾರೆ. ತಮಾಷೆಯೆಂದರೆ, ದೊಡ್ಡವರಾದ ಮೇಲೆ ಬುರುಡೆಯಲ್ಲಿ ಯಾವ ಬರಹವೂ ಇಲ್ಲದ ಜಾಗ ಹಣೆ. ಹುಟ್ಟುವಾಗ ಹಣೆಯೂ ಎರಡು ಹೋಳು, ನಡುವೆ ಒಂದು ಗೆರೆ. ಮೊದಲ ವರ್ಷಗಳಲ್ಲೇ ಅದು ಅಳಿಸಿಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿಯುತ್ತದೆ. ಹಣೆಬರಹ ಓದುವುದಿದ್ದರೆ ಕೂಸಿದ್ದಾಗಲೇ ಓದಬೇಕಿತ್ತು.

ಟ್ರಂಕಿನಲ್ಲಿದ್ದ ಬುರುಡೆಯ ಮೇಲೆ ಬೇರೆ ಬರಹಗಳಿದ್ದವು. ಸ್ನಾಯು ಹುಟ್ಟುವ ಕಡೆ ಕೆಂಪು ಬಣ್ಣ, ಸೇರುವ ಕಡೆ ನೀಲಿ. ಮೇಲ್ಭಾಗವನ್ನು ಗರಗಸದಲ್ಲಿ ಕೊಯ್ದು ಮುಚ್ಚಳದಂತೆ ತೆಗೆದಿಡಲು ಕೊಕ್ಕೆ ಹಾಕಿದ್ದರು. ಕೆಳದವಡೆಗೆ ಎರಡು ಸ್ಪ್ರಿಂಗು. ದವಡೆಯ ಒಳಬದಿಯಲ್ಲಿ ಪೆನ್ನಿನಿಂದ ಬರೆದ ಮೂರು ಜೋಡಿ ಇನಿಷಿಯಲ್‌ಗಳು ಮತ್ತು ಬ್ಯಾಚಿನ ವರ್ಷಗಳು. ಕೊನೆಯದು ನನ್ನ ಗೆಳತಿಯದು. ಆ ತಲೆಯ ಮೇಲೆ ಅದನ್ನು ಓದಿದವರೆಲ್ಲರ ಹೆಸರಿದೆ, ಹೊತ್ತವಳದೊಂದು ಬಿಟ್ಟು.

ಅವಳು ಎಲ್ಲಿಂದ ಬಂದಳು? ನಿಖರವಾಗಿ ಹೇಳಲು ದಾರಿಯಿಲ್ಲ, ಆದರೆ ದಾರಿಗಳು ಹೆಚ್ಚೇನೂ ಇಲ್ಲ. ಒಂದು ಕಾಲಕ್ಕೆ ಜಗತ್ತಿನ ವೈದ್ಯಕೀಯ ಶಾಲೆಗಳಿಗೆ ಅಸ್ಥಿಪಂಜರ ಕಳಿಸುತ್ತಿದ್ದ ದೇಶ ನಮ್ಮದು. ಕಲ್ಕತ್ತ ಆ ವ್ಯಾಪಾರದ ಕೇಂದ್ರವಾಗಿತ್ತು. 1985ರಲ್ಲಿ ಭಾರತ ಸರ್ಕಾರ ರಫ್ತನ್ನು ನಿಷೇಧಿಸಿತು. ಒಳಗಿನ ಮಾರಾಟ ಹಾಸ್ಟೆಲ್ ಕೋಣೆಯಿಂದ ಹಾಸ್ಟೆಲ್ ಕೋಣೆಗೆ ಕೈಬದಲಾಗುತ್ತಾ ನಡೆಯಿತು. ಇನ್ನೊಂದು ದಾರಿ ಕಾನೂನಿನದು. ನಮ್ಮ ರಾಜ್ಯದ 1957ರ ಅನಾಟಮಿ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಶಿಕ್ಷಣ ಸಂಸ್ಥೆಗಳಿಗೆ ಒಪ್ಪಿಸಬಹುದು.

'ವಾರಸುದಾರರಿಲ್ಲದ' ಎಂಬ ಪದದ ಮೇಲೆ ನನಗೆ ತಕರಾರಿದೆ. ಅವ್ವನಿಲ್ಲದೆ ಯಾರೂ ಹುಟ್ಟುವುದಿಲ್ಲ. ಯಾರೋ ಒಬ್ಬರು ಆ ನೆತ್ತಿಗೆ ಎಣ್ಣೆ ಒತ್ತಿರುತ್ತಾರೆ. ವಾರಸುದಾರರಿಲ್ಲ ಎಂದರೆ ಅಷ್ಟು ಹೊತ್ತಿಗೆ ಯಾರೂ ಬಂದು ತಲುಪಲಿಲ್ಲ ಎಂದರ್ಥ. ಗುಂಡ್ಲುಪೇಟೆ ಸೀಮೆಯಿಂದ ಕೂಲಿಗೆ ಕೊಡಗಿಗೋ ಕೇರಳಕ್ಕೋ ಹೋದವರು ಅಲ್ಲಿಯ ಆಸ್ಪತ್ರೆಯಲ್ಲಿ ಸತ್ತರೆ ಸುದ್ದಿ ಊರಿಗೆ ಮುಟ್ಟಲು ಎಷ್ಟು ದಿನ ಹಿಡಿಯುತ್ತಿತ್ತು? ಬರಲು ಬಸ್ ಚಾರ್ಜು ಯಾರ ಹತ್ತಿರ ಇತ್ತು? ಕಪಾಟಿಗೆ ಯಾರ ತಲೆ ಬರುತ್ತದೆ, ಯಾರದು ಬರುವುದಿಲ್ಲ ಎನ್ನುವುದು ಸಾವಿನ ಮುಂಚೆಯೇ ತೀರ್ಮಾನವಾಗಿರುತ್ತದೆ. ಉಳ್ಳವರ ಬುರುಡೆಯನ್ನು ಮಗ ಚಿತೆಯಲ್ಲಿ ಕಪಾಲಕ್ರಿಯೆ ಮಾಡಿ ಒಡೆಯುತ್ತಾನೆ, ಅಥವಾ ಸ್ವಂತ ಹೊಲದ ಬದುವಿನಲ್ಲಿ ಹೂತು ಗದ್ದುಗೆ ಕಟ್ಟುತ್ತಾನೆ.

ಈ ಲೆಕ್ಕ ನಮ್ಮದೇ ಆವಿಷ್ಕಾರವೇನಲ್ಲ. ಇಂಗ್ಲೆಂಡಿನಲ್ಲಿ 1832ರ ಅನಾಟಮಿ ಕಾಯ್ದೆ ದುಡಿಮೆಗೃಹಗಳಲ್ಲಿ ಸತ್ತ ದಿಕ್ಕಿಲ್ಲದ ಬಡವರ ದೇಹಗಳನ್ನು ಶಾಲೆಗಳಿಗೆ ಕೊಡುವ ವ್ಯವಸ್ಥೆ ಮಾಡಿತು. ಅದೇ ವರ್ಷ ತೀರಿಕೊಂಡ ತತ್ವಜ್ಞಾನಿ ಜೆರೆಮಿ ಬೆಂಥಮ್ ತನ್ನ ದೇಹವನ್ನು ಉಯಿಲು ಬರೆದು ಛೇದನಕ್ಕೆ ಕೊಟ್ಟ. ಹೆಚ್ಚು ಜನರಿಗೆ ಹೆಚ್ಚು ಒಳಿತು ಎಂದು ಜೀವನವಿಡೀ ವಾದಿಸಿದವನು ಮಾತಿಗೆ ತಪ್ಪಲಿಲ್ಲ. ಉಳಿದದ್ದನ್ನು ಬಟ್ಟೆ ತೊಡಿಸಿ ಕುರ್ಚಿಯ ಮೇಲೆ ಕೂರಿಸಲಾಯಿತು. ತಲೆಯನ್ನು ಒಣಗಿಸಿ ಕಾಪಿಡುವ ಪ್ರಯತ್ನ ಕೆಟ್ಟುಹೋಗಿ ಮೇಣದ ತಲೆ ಜೋಡಿಸಬೇಕಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇವತ್ತೂ ಅವನಿದ್ದಾನೆ. ಬೆಂಥಮ್ ಕೊಟ್ಟ, ದುಡಿಮೆಗೃಹದವರಿಂದ ತೆಗೆದುಕೊಂಡರು. ವಿದ್ಯಾರ್ಥಿಯ ಕೈಯಲ್ಲಿ ಎರಡೂ ತಲೆಗಳು ಒಂದೇ ಪಾಠ ಹೇಳುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಸತ್ತವರಿಗೆ ಏನೂ ತಿಳಿಯುವುದಿಲ್ಲ, ಆದ್ದರಿಂದ ಅವರಿಗೆ ಅನ್ಯಾಯವೂ ಆಗುವುದಿಲ್ಲ ಎನ್ನುವ ವಾದ ಗ್ರೀಕರ ಕಾಲದಿಂದ ಇದೆ. ಸಿನಿಕ ಡಯೋಜಿನಿಸ್ ತನ್ನ ಹೆಣವನ್ನು ಪ್ರಾಣಿಗಳಿಗೆ ಎಸೆಯಿರಿ ಎಂದಿದ್ದನಂತೆ. ನಾನೂ ಈ ವಾದವನ್ನು ಬಹಳ ದಿನ ನಂಬಿದ್ದೆ. ಬುರುಡೆ ಕ್ಯಾಲ್ಸಿಯಂ ಫಾಸ್ಫೇಟು, ಭಯ ಸಂಸ್ಕೃತಿ ಎಂದು ಮೊದಲ ವರ್ಷದವರಿಗೆ ಹೇಳಿದ್ದೂ ಉಂಟು. ಈಗ ಆ ವಾದದಲ್ಲಿ ಒಂದು ಬಿರುಕು ಕಾಣುತ್ತದೆ. ಡಯೋಜಿನಿಸ್ ಹೇಳಿದ್ದು ತನ್ನ ಹೆಣದ ಬಗ್ಗೆ. ನನ್ನದನ್ನು ಎಸೆಯಿರಿ ಎನ್ನುವುದು ತತ್ವ, ಅವಳದನ್ನು ಎಸೆಯಿರಿ ಎನ್ನುವುದು ತತ್ವವಲ್ಲ.

ಅಷ್ಟಕ್ಕೂ ನನ್ನ ಶಾಸ್ತ್ರಕ್ಕೆ ಜೀವಂತ ತಲೆಗಳ ಅನುಮತಿ ಕೇಳುವ ಅಭ್ಯಾಸವೂ ಇರಲಿಲ್ಲ. ಈ ಬೆಟ್ಟದ ಆಚೆಗಿನ ನೀಲಗಿರಿಯಲ್ಲಿ ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಕ್ಯಾಲಿಪರ್ ಹಿಡಿದು ಜನರ ತಲೆ, ಮೂಗು ಅಳೆದ. 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥ ಬಂತು. ಸೋಲಿಗರು, ಕುರುಬರು ಎಲ್ಲ ಅಲ್ಲಿದ್ದಾರೆ. 1901ರ ಜನಗಣತಿಯ ಕಮಿಷನರ್ ಆಗಿದ್ದ ಹರ್ಬರ್ಟ್ ರಿಸ್ಲಿ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂದೇ ವಾದಿಸಿದ್ದ. ಆ ಕಟ್ಟಡ ಬಿದ್ದದ್ದು ಅದೇ ಅಂಕಿಗಳಿಂದ. ಅಂಬೇಡ್ಕರ್ 1948ರ ತಮ್ಮ ಪುಸ್ತಕದಲ್ಲಿ ಮೂಗಿನ ಅಳತೆಗಳನ್ನೇ ಮುಂದಿಟ್ಟು ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಜನಾಂಗವಲ್ಲ ಎಂದು ತೋರಿಸಿದರು. ನನ್ನ ವಿಭಾಗದ ಕಪಾಟಿನಲ್ಲಿ ಈಗಲೂ ಒಂದು ಹಿತ್ತಾಳೆಯ ಕ್ಯಾಲಿಪರ್ ಇದೆ. ಚೆನ್ನಾಗಿ ಹೊಳೆಯುತ್ತದೆ. ಯಾರು ಉಜ್ಜುತ್ತಾರೋ ಗೊತ್ತಿಲ್ಲ.

ಇಷ್ಟು ಹೇಳಿ ಬುರುಡೆಯನ್ನು ವಾಪಸ್ ಮಣ್ಣಿಗೆ ಕೊಡಿ ಎಂದುಬಿಡುವುದು ನನಗೆ ಸುಲಭವಾಗುತ್ತಿತ್ತು. ಆಗದಿರುವುದಕ್ಕೆ ಕಾರಣ ನನ್ನ ತಮ್ಮ.

ನಾಲ್ಕು ವರ್ಷದ ಹಿಂದೆ ಮೈಸೂರು–ಊಟಿ ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಹೆಲ್ಮೆಟ್ ಇರಲಿಲ್ಲ. ಎದ್ದು ಕೂತ, ಮಾತಾಡಿದ, ನೀರು ಕುಡಿದ, "ಏನೂ ಆಗ್ನಿಲ್ಲ" ಎಂದ. ಒಂದು ಗಂಟೆ ಕಳೆಯುವುದರೊಳಗೆ ತೂಕಡಿಸತೊಡಗಿದ. ಹಣೆಯ ಪಕ್ಕ, ಕಣ್ಣಿಗೂ ಕಿವಿಗೂ ನಡುವೆ ಒಂದು ಜಾಗವಿದೆ. ಅಲ್ಲಿ ನಾಲ್ಕು ಮೂಳೆಗಳು ಸೇರುತ್ತವೆ, ಮತ್ತು ಬುರುಡೆ ಅಲ್ಲಿ ತೆಳು. ಒಳಮಗ್ಗುಲಲ್ಲಿ ಒಂದು ರಕ್ತನಾಳ ಮೂಳೆಯಲ್ಲೇ ಕಾಲುವೆ ತೋಡಿಕೊಂಡು ಹರಿಯುತ್ತದೆ. ಬುರುಡೆಯ ಮುಚ್ಚಳ ತೆಗೆದು ಒಳಗೆ ನೋಡಿದರೆ ಆ ಕಾಲುವೆ ಒಣಗಿದ ಹಳ್ಳದ ಹಾಗೆ ಕವಲೊಡೆದು ಕಾಣುತ್ತದೆ. ಅಲ್ಲಿ ಮೂಳೆ ಸೀಳಿದರೆ ನಾಳ ಹರಿಯುತ್ತದೆ. ರಕ್ತ ನಿಧಾನವಾಗಿ ತುಂಬಿ ಮಿದುಳನ್ನು ಅದುಮುವತನಕ ಮನುಷ್ಯ ಸರಿಯಾಗಿಯೇ ಇರುತ್ತಾನೆ. ಮೈಸೂರಿನಲ್ಲಿ ಅವನ ತಲೆಗೆ ತೂತು ಕೊರೆದು ರಕ್ತ ತೆಗೆದ ಸರ್ಜನ್‌ಗೆ ಎಲ್ಲಿ ಕೊರೆಯಬೇಕೆಂದು ಗೊತ್ತಿತ್ತು. ಸ್ಕ್ಯಾನ್ ನೋಡಿದ್ದರು ನಿಜ. ಆದರೆ ಸ್ಕ್ಯಾನಿನ ಕಪ್ಪು ಬಿಳುಪಿನಲ್ಲಿ ಏನಿದೆ ಎಂದು ಓದುವ ಕಣ್ಣು ಮೊದಲ ವರ್ಷದ ಹಾಸ್ಟೆಲ್ ಕೋಣೆಯಲ್ಲಿ, ಮಂಚದ ಕೆಳಗಿನ ಪೆಟ್ಟಿಗೆಯಿಂದ ತೆಗೆದ ಒಂದು ಬುರುಡೆಯ ಮೇಲೆ ಬೆರಳಾಡಿಸಿಯೇ ತಯಾರಾದದ್ದು. ತಮ್ಮ ಈಗ ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ.

ಬಸ್ಸು ಬೆಟ್ಟದ ತಿರುವುಗಳನ್ನು ಹತ್ತುತ್ತಿರುವಾಗ ಇದನ್ನು ಅವ್ವನಿಗೆ ಹೇಳಿದೆ. ವಾದ ಗೆಲ್ಲಬೇಕೆಂದೇ ಹೇಳಿದೆ, ಒಪ್ಪಿಕೊಳ್ಳುತ್ತೇನೆ. ಕಿಟಕಿಯಾಚೆ ಮಂಜು ತುಂಬಿ ಬಂಡೀಪುರದ ಕಾಡು ಕಾಣದಾಗಿತ್ತು. ಅವ್ವ ತಮ್ಮನ ತಲೆಯ ಗಾಯದ ಗುರುತನ್ನು ನೆನೆಸಿಕೊಳ್ಳುತ್ತಿದ್ದಳು ಅಂತ ಕಾಣುತ್ತದೆ, ತನ್ನ ಕಣತಲೆಯನ್ನೇ ಮುಟ್ಟಿಕೊಂಡಳು. ಆಮೇಲೆ ಹೇಳಿದಳು: "ಹಂಗಾದ್ರೆ ಅವ್ಳ ಹೆಸ್ರು ಗೊತ್ತಿರಬೇಕಿತ್ತು. ಮಗನ್ನ ಉಳಿಸ್ದೋರ ಹೆಸ್ರು ಕೇಳ್ದೆ ಇರಾಕಾಯ್ತದಾ?"

ನಾನು ಸಾಲ ಇಲ್ಲ ಎಂದು ಸಾಧಿಸಲು ಹೊರಟಿದ್ದೆ. ಅವಳು ಸಾಲವನ್ನು ಒಪ್ಪಿಕೊಂಡು, ಯಾರಿಗೆ ತೀರಿಸಬೇಕು ಎಂದು ಕೇಳಿದಳು.

ಬೆಟ್ಟದ ಎತ್ತರ 1454 ಮೀಟರು. ಮೇಲೆ ಗಾಳಿ ಜೋರು. ಇಲ್ಲಿಯ ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತಂತೆ, ಅದಕ್ಕೇ ಬೆಟ್ಟದ ಮೇಲೆ ಕಾಗೆ ಇಲ್ಲ ಎನ್ನುತ್ತಾರೆ. ದರ್ಶನ ಮುಗಿಸಿ ಹೊರಬಂದಾಗ ಜನ ಒಂದು ಕಡೆ ಗುಂಪುಗೂಡಿ ನಿಂತಿದ್ದರು. ಕೆಳಗಿನ ಹುಲ್ಲಿನ ಇಳಿಜಾರಿನಲ್ಲಿ ಒಂಟಿ ಆನೆ. ಇಲ್ಲಿಗೆ ಆನೆ ಬರುವುದು ಹೊಸದಲ್ಲ, ದೇವಸ್ಥಾನದ ಮೆಟ್ಟಿಲ ತನಕ ಬಂದದ್ದುಂಟು. ಮಂಜಿನಲ್ಲಿ ಮೊದಲು ಕಾಣುವುದು ತಲೆಯೇ. ಅಷ್ಟು ದೊಡ್ಡ ತಲೆಯ ಮೂಳೆ ಗಟ್ಟಿಯಲ್ಲ, ಒಳಗೆ ಜೇನುಗೂಡಿನಂತೆ ಗಾಳಿಯ ಕೋಣೆಗಳಿರುತ್ತವೆ. ಇಲ್ಲದಿದ್ದರೆ ಕತ್ತು ಹೊರಲಾರದು.

ಆಗ ನೆನಪಾದದ್ದು ಕೀನ್ಯಾದ ಅಂಬೊಸೆಲಿಯಲ್ಲಿ ಕರೆನ್ ಮೆಕೊಂಬ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ. 2006ರಲ್ಲಿ ಪ್ರಕಟವಾಯಿತು. ಕಾಡಾನೆಗಳ ಮುಂದೆ ಆನೆ, ಎಮ್ಮೆ, ಘೇಂಡಾಮೃಗದ ಬುರುಡೆಗಳನ್ನು ಇಟ್ಟು ನೋಡಿದರು. ಆನೆಗಳು ಆನೆಯ ಬುರುಡೆಯ ಹತ್ತಿರವೇ ಹೆಚ್ಚು ಹೊತ್ತು ನಿಂತು, ಸೊಂಡಿಲಿನಿಂದ ಮೂಸಿ, ಪಾದದಿಂದ ಮೆಲ್ಲಗೆ ಮುಟ್ಟಿದವು. ಆಮೇಲೆ, ಸತ್ತ ಮೂರು ಹಿರಿಯ ಹೆಣ್ಣಾನೆಗಳ ಬುರುಡೆಗಳನ್ನು ಅವುಗಳ ಸ್ವಂತ ಕುಟುಂಬಗಳ ಮುಂದೆ ಇಟ್ಟರು. ಕುಟುಂಬದ ಆನೆಗಳು ತಮ್ಮ ಅಜ್ಜಿಯ ಬುರುಡೆಗೆ ಉಳಿದೆರಡಕ್ಕಿಂತ ಹೆಚ್ಚು ಗಮನ ಕೊಡಲಿಲ್ಲ.

ಮೊದಲ ಸಲ ಓದಿದಾಗ ಆನೆಗಳಿಗೆ ಗುರುತು ಹತ್ತಲಿಲ್ಲ, ಪಾಪ, ಎಂದುಕೊಂಡಿದ್ದೆ. ಬೆಟ್ಟದ ಮೇಲೆ ಬೇರೆ ತರ ಅನಿಸಿತು. ಯಾರದು ಎಂದು ತಿಳಿಯದೆಯೂ ಅವು ನಿಂತವು. ನಮ್ಮದು ಎನ್ನುವುದಷ್ಟೇ ಸಾಕಾಗಿತ್ತು. ಅವ್ವನಿಗೆ ಹೇಳಿದೆ. ಅವಳಿಗೆ ಸಮಾಧಾನವಾಗಲಿಲ್ಲ. "ಆನೆಗೆ ಹೆಸ್ರಿಲ್ಲ, ನಮ್ಗದೆ" ಎಂದಳು. ಹೌದಲ್ಲ.

ಆದರೆ ಹೆಸರಿದ್ದೂ ಏನಾಗಬಹುದು ಎಂಬುದಕ್ಕೆ ಆಲಂ ಬೇಗ್ ಇದ್ದಾನೆ. 1963ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಪಬ್ಬಿನಲ್ಲಿ ಸಿಕ್ಕ ಬುರುಡೆ ಅದು. ಕಣ್ಣಿನ ಗೂಡಿನಲ್ಲಿ ಮಡಚಿ ತುರುಕಿದ ಚೀಟಿ. 46ನೇ ಬಂಗಾಳ ಪದಾತಿದಳದ ಹವಿಲ್ದಾರ, 1857ರ ದಂಗೆಯವನು, ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಾಯಿತು ಎಂದು ಅದರಲ್ಲಿತ್ತು. ಇತಿಹಾಸಕಾರ ಕಿಮ್ ವ್ಯಾಗ್ನರ್ ಅವನ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವನ ಹೆಸರು ಉಳಿದದ್ದು ಗೆದ್ದವರ ಗುರುತಿನ ಚೀಟಿಯಾಗಿ. ಹಾಗಾಗಿ ಬರಿಯ ಹೆಸರು ಗೌರವವಲ್ಲ. ಹೆಸರನ್ನು ಯಾರು, ಯಾಕೆ ಬರೆದರು ಎನ್ನುವುದೂ ಮುಖ್ಯ.

ಬರೆಯಬೇಕಾದವರೇ ಬರೆದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ದಾನ ಮಾಡಿದ್ದರು. ತಂದೆಯ ಇಚ್ಛೆಯಂತೆ 2010ರ ನವೆಂಬರಿನಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಆ ದೇಹವನ್ನು ವಿದ್ಯಾರ್ಥಿಗಳ ಮುಂದೆ ಛೇದಿಸಿದವರು ಅವರ ಮಗ, ಅಂಗರಚನಾ ಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ. ಸುದ್ದಿ ಓದಿದಾಗ ನಾನು ಶಾಲೆಯಲ್ಲಿದ್ದೆ. ಮನೆಯಲ್ಲಿ ಎಲ್ಲರೂ ಛೆ ಎಂದಿದ್ದರು. ಇವತ್ತಿಗೂ ಆ ಚಿತ್ರ ಮನಸ್ಸಿನಲ್ಲಿ ಪೂರ್ತಿ ಕೂರುವುದಿಲ್ಲ. ಮಗನ ಕೈ ನಡುಗಿತೇ, ನಡುಗದಿದ್ದರೆ ಅದು ಒಳ್ಳೆಯದೇ ಎಂದೆಲ್ಲ ಯೋಚಿಸುತ್ತೇನೆ. ಕಪಾಲಕ್ರಿಯೆ ಮಾಡುವ ಮಗನೂ ತಂದೆಯ ತಲೆಗೆ ಏಟು ಹಾಕುತ್ತಾನೆ, ಪ್ರೀತಿಯಿಂದಲೇ. ಬೆಳಗಾವಿಯಲ್ಲಿ ಟೇಬಲ್ಲಿನ ಮೇಲಿದ್ದ ದೇಹಕ್ಕೆ ವಾರಸುದಾರ ಇದ್ದ, ಹೆಸರಿತ್ತು, ಒಪ್ಪಿಗೆ ಇತ್ತು. ಪಾಠವೂ ಆಯಿತು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗಿಲ್ಲ ಎಂದು ಆ ತಂದೆ ಮಗ ತೋರಿಸಿಕೊಟ್ಟರು.

ಹಾಗಾದರೆ ಟ್ರಂಕಿನಲ್ಲಿರುವವಳು? ಇವತ್ತು ಅವಳ ಒಪ್ಪಿಗೆ ಕೇಳುವಂತಿಲ್ಲ. ಹೂಳಬೇಕೆಂದರೆ ಯಾವ ಮಣ್ಣಿನಲ್ಲಿ, ಯಾವ ಶಾಸ್ತ್ರದಲ್ಲಿ? ಅವಳು ಸುಡುವವರ ಮನೆಯವಳೋ ಹೂಳುವವರ ಮನೆಯವಳೋ, ನಮಾಜು ಮಾಡುತ್ತಿದ್ದಳೋ? ಅವಳಿಗೆ ನನ್ನದೇ ಒಂದು ವಿಧಿ ಹೊರಿಸುವುದು ಮತ್ತೊಂದು ಒತ್ತಾಯವಲ್ಲವೇ? ಬೆಟ್ಟ ಇಳಿಯುವಾಗ ಅವ್ವ ಒಂದು ದಾರಿ ಸೂಚಿಸಿದಳು, ನಾನೇ ಒಂದು ಹೆಸರಿಡಬೇಕಂತೆ. ನನಗೆ ಮನಸ್ಸಾಗಲಿಲ್ಲ. ಇಟ್ಟರೆ ಅದು ದವಡೆಯ ಮೇಲಿನ ನಾಲ್ಕನೇ ಇನಿಷಿಯಲ್ ಆಗುತ್ತದೆ ಅನಿಸಿತು. ಅವಳ ಹೆಸರು ಗೊತ್ತಿಲ್ಲ ಎನ್ನುವುದು ಅವಳ ಬಗ್ಗೆ ನನಗೆ ಖಚಿತವಾಗಿ ತಿಳಿದ ಕೆಲವೇ ಸಂಗತಿಗಳಲ್ಲೊಂದು. ಅದನ್ನು ಮುಚ್ಚಿಹಾಕಬಾರದು.

ಟಿ. ನರಸೀಪುರದಲ್ಲಿ ಕಾವೇರಿ ಕಪಿಲೆ ಸೇರುವ ಕಡೆ ನವಶಿಲಾಯುಗದ ನೆಲೆಯೊಂದನ್ನು ಅಗೆದಾಗ ಸುಟ್ಟ ಮಣ್ಣಿನ ತಲೆಯಾಸರೆ ಸಿಕ್ಕಿದೆ. ಕತ್ತಿನ ಕೆಳಗೆ ಕೊಡುವಂಥದ್ದು, ನಡುವೆ ತಗ್ಗು ಮಾಡಿದ್ದು. ಆ ಊರಿನವರಿಗೆ ಬರವಣಿಗೆ ಇರಲಿಲ್ಲ, ಅವರ ಒಂದು ಹೆಸರೂ ನಮಗೆ ತಲುಪಿಲ್ಲ. ತಲೆ ನೆಲಕ್ಕೆ ತಾಗಬಾರದು ಎಂದುಕೊಂಡವರು ಇದ್ದರು ಎನ್ನುವುದು ಮಾತ್ರ ತಲುಪಿದೆ.

ಸೋಮವಾರ ಬೆಳಿಗ್ಗೆ ಮೈಸೂರಿಗೆ ಹೊರಟಾಗ ಅವ್ವ ಬುರುಡೆಗೆ ಸುತ್ತಿದ್ದ ದಿನಪತ್ರಿಕೆ ತೆಗೆಸಿ ತನ್ನ ಹಳೆಯ ನೀಲಿ ಸೀರೆಯ ತುಂಡೊಂದನ್ನು ಕೊಟ್ಟಳು. ಸುತ್ತಿದ್ದು ನಾನೇ, ಅವಳು ಮುಟ್ಟಲಿಲ್ಲ. ಈಗ ಅದು ವಿಭಾಗದ ಕಪಾಟಿನಲ್ಲಿದೆ. ನೋಂದಣಿ ಪುಸ್ತಕದಲ್ಲಿ 'ಮೂಲ' ಎಂಬ ಕಾಲಂ ಖಾಲಿ ಬಿಡುವ ರೂಢಿ. ನಾನು ಅಲ್ಲಿ 'ಹೆಸರು ಕೇಳಿರಲಿಲ್ಲ' ಎಂದು ಬರೆದೆ. ಅದಕ್ಕೆ ಒಂದು ಸಣ್ಣ ಜಗಳವೂ ಆಯಿತು, ಇರಲಿ.

ದೇಹದಾನದ ಫಾರ್ಮು ತಂದಿಟ್ಟುಕೊಂಡಿದ್ದೇನೆ. ಇನ್ನೂ ಸಹಿ ಮಾಡಿಲ್ಲ. ಸಾಕ್ಷಿಯಾಗಿ ಹತ್ತಿರದ ಸಂಬಂಧಿಯ ಸಹಿಯೂ ಬೇಕು. ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಆ ಸೀರೆ ತುಂಡು ಇನ್ನೂ ಇದೆಯಾ ಎಂದು ಕೇಳಿದಳು. ಇದೆ. ವಿದ್ಯಾರ್ಥಿಗಳು ಪ್ರಾಕ್ಟಿಕಲ್ ದಿನ ಬಿಚ್ಚುತ್ತಾರೆ, ಸಂಜೆ ಮತ್ತೆ ಸುತ್ತಿ ಇಡುತ್ತಾರೆ.